ಮಹಾಯೋಜನೆಯ ಭೂ ಉಪಯೋಗ ಮತ್ತು ರಾಜ್ಯದ ಯೋಜನಾ ಗುರಿಗಳು: ಅರ್ಜಿದಾರರ ಮಾಹಿತಿಗಾಗಿ

ಯಾವುದೇ ಜಮೀನನ್ನು ವಾಸ, ವಾಣಿಜ್ಯ, ಕೈಗಾರಿಕೆ, ಉದ್ಯಾನ ಅಥವಾ ವ್ಯವಸಾಯ ಇವುಗಳಲ್ಲಿ ಯಾವ ಉದ್ದೇಶಕ್ಕೆ ಬಳಸಬಹುದು ಎಂಬುದನ್ನು ಆಯಾ ಸ್ಥಳೀಯ ಯೋಜನಾ ಪ್ರದೇಶದ ಮಹಾಯೋಜನೆಯು ನಿರ್ಧರಿಸುತ್ತದೆ. ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಅಧಿನಿಯಮ, 1961ರ ಮೇರೆಗೆ ಯೋಜನಾ ಪ್ರಾಧಿಕಾರವು ಇದನ್ನು ಸಿದ್ಧಪಡಿಸುತ್ತದೆ. ಆದರೆ ಮಂಜೂರಾತಿ ನೀಡುವುದು ರಾಜ್ಯ ಸರ್ಕಾರ. ಸ್ಥಳೀಯ ನಕ್ಷೆಯು ರಾಜ್ಯದ ಗುರಿಗಳಿಗೆ ಹೊಂದಿಕೊಳ್ಳುವುದು ಮುಖ್ಯವಾಗಿ ಈ ಮಂಜೂರಾತಿಯ ಹಂತದಲ್ಲಿಯೇ.

ಬೆಂಗಳೂರು ಸುತ್ತಮುತ್ತ ಇವೆರಡರ ನಡುವೆ ಮತ್ತೊಂದು ಹಂತವಿದೆ. 1985ರ ಅಧಿನಿಯಮದಡಿ ರಚಿತವಾದ ಬೆಂಗಳೂರು ಮಹಾನಗರ ಪ್ರದೇಶಾಭಿವೃದ್ಧಿ ಪ್ರಾಧಿಕಾರವು ಸುಮಾರು 8,000 ಚದರ ಕಿಲೋಮೀಟರ್ ವ್ಯಾಪ್ತಿಯ ಪ್ರದೇಶಕ್ಕೆ ರಚನಾ ಯೋಜನೆಯನ್ನು ರೂಪಿಸುತ್ತದೆ. ನೆಲಮಂಗಲ, ಮಾಗಡಿ, ಹೊಸಕೋಟೆ, ಆನೇಕಲ್ ಮುಂತಾದ ಕಡೆಗಳ ಮಹಾಯೋಜನೆಗಳು ಅದರ ಚೌಕಟ್ಟಿನೊಳಗೆ ಬರಬೇಕಾಗುತ್ತದೆ. ಇತರ ಜಿಲ್ಲೆಗಳಲ್ಲಿ ಸಂವಿಧಾನದ 243ಝಡ್‌ಡಿ ಅನುಚ್ಛೇದದ ಪ್ರಕಾರ ಜಿಲ್ಲಾ ಯೋಜನಾ ಸಮಿತಿಯು ಪಂಚಾಯಿತಿ ಹಾಗೂ ನಗರ ಸ್ಥಳೀಯ ಸಂಸ್ಥೆಗಳ ಯೋಜನೆಗಳನ್ನು ಒಗ್ಗೂಡಿಸತಕ್ಕದ್ದು.

ಈ ಹೊಂದಾಣಿಕೆಯ ಅಗತ್ಯವು ತಿಪ್ಪಗೊಂಡನಹಳ್ಳಿ ಜಲಾಶಯದ ಉದಾಹರಣೆಯಿಂದ ಸ್ಪಷ್ಟವಾಗುತ್ತದೆ. ಅರ್ಕಾವತಿ ಮತ್ತು ಕುಮುದ್ವತಿ ನದಿಗಳ ಸಂಗಮದ ಬಳಿ 1933ರಲ್ಲಿ ಪೂರ್ಣಗೊಂಡ ಈ ಜಲಾಶಯವು ದಶಕಗಳ ಕಾಲ ಬೆಂಗಳೂರಿಗೆ ಕುಡಿಯುವ ನೀರೊದಗಿಸಿತು. ಜಲಾನಯನ ಪ್ರದೇಶವಾದರೋ ನಂದಿಬೆಟ್ಟ ಹಾಗೂ ಶಿವಗಂಗೆಯ ಕಡೆಯಿಂದ ಆರಂಭವಾಗಿ ಹಲವು ತಾಲ್ಲೂಕುಗಳಲ್ಲಿ ಹರಡಿದೆ. ಪ್ರತಿ ಪ್ರಾಧಿಕಾರವು ತನ್ನ ಗಡಿಯೊಳಗಿನ ಬೇಡಿಕೆಯನ್ನಷ್ಟೇ ನೋಡಿ ವಸತಿ, ಕೈಗಾರಿಕೆಗಳಿಗೆ ಜಾಗ ಗುರುತಿಸಿದಲ್ಲಿ, ಜಲಾಶಯದ ಒಳಹರಿವಿನ ಹೊಣೆ ಯಾರದೂ ಆಗುವುದಿಲ್ಲ. ಆದ್ದರಿಂದ ಸರ್ಕಾರವು 2003ರ ನವೆಂಬರ್‌ನಲ್ಲಿ ಆದೇಶ ಹೊರಡಿಸಿ, ಜಲಾನಯನ ಪ್ರದೇಶವನ್ನು ವಲಯಗಳಾಗಿ ವಿಂಗಡಿಸಿ ನಿರ್ಮಾಣ ಮತ್ತು ಕೈಗಾರಿಕೆಗಳಿಗೆ ನಿರ್ಬಂಧ ವಿಧಿಸಿತು. ಈ ಷರತ್ತುಗಳು ನಂತರ ಪರಿಷ್ಕೃತವಾಗಿವೆ. ಈ ಭಾಗದಲ್ಲಿ ಜಮೀನು ಕೊಳ್ಳುವವರು ಪಹಣಿ ಸರಿಯಾಗಿದೆ ಎಂದಷ್ಟಕ್ಕೇ ಮುಂಗಡ ಹಣ ಕೊಡದೆ, ಸರ್ವೆ ನಂಬರ್ ಯಾವ ವಲಯದಲ್ಲಿದೆ ಎಂಬುದನ್ನು ಯೋಜನಾ ಪ್ರಾಧಿಕಾರದಿಂದ ಲಿಖಿತವಾಗಿ ಪಡೆಯುವುದು ಕ್ಷೇಮ.

ಸರ್ಕಾರವು ಕರಡು ಮಹಾಯೋಜನೆಗೆ ತಾತ್ಕಾಲಿಕ ಅನುಮೋದನೆ ನೀಡಿದ ನಂತರ ಅದನ್ನು ಪ್ರಕಟಿಸಲಾಗುತ್ತದೆ. ಸಾರ್ವಜನಿಕರು 60 ದಿನಗಳೊಳಗೆ ಆಕ್ಷೇಪಣೆ, ಸಲಹೆಗಳನ್ನು ಸಲ್ಲಿಸಬಹುದು. ತಮ್ಮ ಜಮೀನಿನ ಮೇಲೆ ರಸ್ತೆ ಅಥವಾ ಉದ್ಯಾನ ಗುರುತಾಗಿರುವುದು ಹಲವರ ಗಮನಕ್ಕೆ ಬರುವುದು ಕಟ್ಟಡ ಪರವಾನಗಿಗೆ ಅರ್ಜಿ ಹಾಕಿದಾಗ ಮಾತ್ರ. ಅಷ್ಟರಲ್ಲಿ ಈ ಅವಧಿ ಮುಗಿದುಹೋಗಿರುತ್ತದೆ. ಮಹಾಯೋಜನೆಯನ್ನು ಹತ್ತು ವರ್ಷಗಳಿಗೊಮ್ಮೆಯಾದರೂ ಪರಿಷ್ಕರಿಸಬೇಕೆಂಬ ನಿಯಮವಿದೆಯಾದರೂ ಪರಿಷ್ಕರಣೆ ವಿಳಂಬವಾಗುವುದುಂಟು. 2007ರಲ್ಲಿ ಮಂಜೂರಾದ ಬೆಂಗಳೂರಿನ ಪರಿಷ್ಕೃತ ಮಹಾಯೋಜನೆ 2015, ಹೆಸರಿನಲ್ಲಿರುವ ವರ್ಷ ಕಳೆದ ನಂತರವೂ ಬಳಕೆಯಲ್ಲಿ ಮುಂದುವರಿಯಿತು.

ಅಂತಿಮ ಮಂಜೂರಾತಿಯ ನಂತರ ಭೂ ಉಪಯೋಗ ಬದಲಾಯಿಸಬೇಕಾದಲ್ಲಿ ಪ್ರಕರಣ 14-ಎ ಅನ್ವಯವಾಗುತ್ತದೆ. ನಕ್ಷೆಯಲ್ಲಿನ ದೋಷ ಅಥವಾ ಬದಲಾದ ಸನ್ನಿವೇಶ ಇದಕ್ಕೆ ಕಾರಣವಾಗಬಹುದು. ಬದಲಾವಣೆಯು ಸಾರ್ವಜನಿಕ ಹಿತಾಸಕ್ತಿಗೆ ಅನುಗುಣವಾಗಿರಬೇಕು ಮತ್ತು ದಿನಪತ್ರಿಕೆಯಲ್ಲಿ ಪ್ರಕಟಣೆ ನೀಡಿ ಆಕ್ಷೇಪಣೆ ಆಹ್ವಾನಿಸಬೇಕು. ಅರ್ಜಿದಾರರ ಅನುಕೂಲವೊಂದೇ ಸಾಕಾಗುವ ಕಾರಣವಲ್ಲ. ಭೂ ಉಪಯೋಗ ಬದಲಾವಣೆ ಮತ್ತು ಕರ್ನಾಟಕ ಭೂಕಂದಾಯ ಅಧಿನಿಯಮ, 1964ರ ಪ್ರಕರಣ 95ರಡಿಯ ಭೂಪರಿವರ್ತನೆ ಬೇರೆ ಬೇರೆ ಪ್ರಕ್ರಿಯೆಗಳು. ಮೊದಲನೆಯದು ಯೋಜನಾ ಪ್ರಾಧಿಕಾರಕ್ಕೆ ಸಂಬಂಧಿಸಿದ್ದು, ಎರಡನೆಯದು ಕಂದಾಯ ಇಲಾಖೆಗೆ. ವ್ಯವಸಾಯ ವಲಯದಲ್ಲಿರುವ ಜಮೀನನ್ನು ವಸತಿಗೆ ಬಳಸಬಯಸುವವರು ಮೊದಲು ಭೂ ಉಪಯೋಗದ ವಿಷಯವನ್ನು ಇತ್ಯರ್ಥಪಡಿಸಿಕೊಂಡು ನಂತರ ಪರಿವರ್ತನೆಗೆ ಅರ್ಜಿ ಸಲ್ಲಿಸುವುದು ಉಚಿತ. ಕ್ರಮ ತಪ್ಪಿದರೆ ಕಡತವು ಎರಡು ಕಚೇರಿಗಳ ನಡುವೆ ಓಡಾಡುತ್ತದೆ.

ಸಾರ್ವಜನಿಕ ಉದ್ದೇಶಕ್ಕಾಗಿ ಗುರುತಿಸಿದ ಖಾಸಗಿ ಜಮೀನು ಅನಿರ್ದಿಷ್ಟ ಕಾಲ ಹಾಗೆಯೇ ಉಳಿಯುವಂತಿಲ್ಲ. ಮಹಾಯೋಜನೆ ಪ್ರಕಟವಾದ ಐದು ವರ್ಷಗಳೊಳಗೆ ಒಪ್ಪಂದದ ಮೂಲಕ ಸ್ವಾಧೀನವಾಗದೆ, ಭೂಸ್ವಾಧೀನ ನಡವಳಿಯೂ ಆರಂಭವಾಗದಿದ್ದಲ್ಲಿ, ಪ್ರಕರಣ 69(2)ರಂತೆ ಆ ಗುರುತು ರದ್ದಾಗಿದೆಯೆಂದು ಭಾವಿಸತಕ್ಕದ್ದು. ಹಾಗೆಂದು ನೇರವಾಗಿ ಕಟ್ಟಡ ಆರಂಭಿಸಕೂಡದು. ಮಾಲೀಕರು ಪ್ರಕಟಣೆಯ ದಿನಾಂಕ, ನಕ್ಷೆಯ ದೃಢೀಕೃತ ಪ್ರತಿ, ಪಹಣಿ ಮತ್ತು ಸರ್ವೆ ನಕ್ಷೆಗಳೊಂದಿಗೆ ಸಂಬಂಧಪಟ್ಟ ಯೋಜನಾ ಪ್ರಾಧಿಕಾರಕ್ಕೆ ಅರ್ಜಿ ಸಲ್ಲಿಸಿ, ಸ್ವೀಕೃತಿ ಪಡೆದುಕೊಳ್ಳತಕ್ಕದ್ದು.