ಕೂಡಿ ನಡೆದ ಸೇವೆ



ಸೇವಾಸಂಸ್ಥೆಯನ್ನು ಕಟ್ಟುವುದು ಅಷ್ಟೇನೂ ಕಷ್ಟವಲ್ಲ. ಎರಡು ಸಂಸ್ಥೆಗಳು ಹತ್ತಾರು ವರ್ಷ ಕೂಡಿ ನಡೆಯುವುದು ಕಷ್ಟ. ಒಂದಕ್ಕೆ ಹಣದ ಗರ್ವ, ಇನ್ನೊಂದಕ್ಕೆ ದುಡಿಮೆಯ ಗರ್ವ. ನಾಮಫಲಕದಲ್ಲಿ ಯಾರ ಹೆಸರು ಮೇಲಿರಬೇಕೆಂಬ ಮಾತಿಗೇ ಎಷ್ಟೋ ಸ್ನೇಹಗಳು ಮುರಿದಿವೆ. ಮುರಿಯದೆ ಉಳಿದ ಒಂದು ಸ್ನೇಹದ ಇತಿಹಾಸವನ್ನು ಇಂದು ಹೇಳುತ್ತೇವೆ.

ಮಧುರೆಯ ನೇತ್ರವೈದ್ಯ ಡಾ. ಜಿ. ವೆಂಕಟಸ್ವಾಮಿಯವರು ಸಂಧಿವಾತದಿಂದ ಸೊಟ್ಟಗಾದ ಬೆರಳುಗಳಿಂದಲೇ ಶಸ್ತ್ರ ಹಿಡಿದವರು. ಸರಕಾರಿ ಸೇವೆಯಿಂದ ನಿವೃತ್ತರಾಗಿ 1976ರಲ್ಲಿ 11 ಹಾಸಿಗೆಗಳ ಅರವಿಂದ ಕಣ್ಣಿನ ಆಸ್ಪತ್ರೆಯನ್ನು ತೆರೆದರು. 1978ರಲ್ಲಿ, ಸಿಡುಬಿನ ನಿರ್ಮೂಲನಕ್ಕಾಗಿ ನಮ್ಮ ದೇಶದಲ್ಲಿ ದುಡಿದಿದ್ದ ಡಾ. ಲ್ಯಾರಿ ಬ್ರಿಲಿಯಂಟ್ ಮತ್ತು ಅವರ ಮಿತ್ರರು ಅಮೇರಿಕೆಯಲ್ಲಿ ಒಂದು ಸಂಸ್ಥೆಯನ್ನು ಕಟ್ಟಿದರು. ಅದಕ್ಕೆ ಅವರು ಇಟ್ಟ ಹೆಸರು 'ಸೇವಾ'. ನಮ್ಮ ಶಬ್ದದ ಬೆಲೆ ಪರದೇಶದವರಿಗೆ ತಿಳಿಯಿತು! ವೆಂಕಟಸ್ವಾಮಿಗಳು ಅದರ ಸ್ಥಾಪಕರಲ್ಲಿ ಒಬ್ಬರು. ಆದ್ದರಿಂದ ಮಧುರೆಯು ಆ ಬಾಗಿಲಲ್ಲಿ ಕೈಯೊಡ್ಡಿ ನಿಲ್ಲಲಿಲ್ಲ. ಒಳಗೆ ಕುಳಿತು ಆಲೋಚನೆ ಹೇಳಿತು.

ಊರೂರಿನ ನೇತ್ರಶಿಬಿರಗಳಲ್ಲಿಯೂ ಇದೇ ರೀತಿ. ಸ್ಥಳ, ಪ್ರಚಾರ, ವ್ಯವಸ್ಥೆ ಲಯನ್ಸ್ ಮೊದಲಾದ ಸ್ಥಳೀಯ ಸಂಸ್ಥೆಗಳದು. ವೈದ್ಯರು, ಶಸ್ತ್ರಚಿಕಿತ್ಸೆ ಆಸ್ಪತ್ರೆಯದು. ಯಾರ ಕೆಲಸ ಯಾವುದೆಂಬುದು ಮೊದಲೇ ನಿಶ್ಚಯ. ಶಿಬಿರದಲ್ಲಿ ಓಡಾಡಿದವರಿಗೆ ಇದರ ಬೆಲೆ ಗೊತ್ತು.

ಆದರೆ ನಿಜವಾದ ಪರೀಕ್ಷೆ ಮಸೂರದ ವಿಷಯದಲ್ಲಿ ಬಂದಿತು. ಪೊರೆ ತೆಗೆದ ಮೇಲೆ ಹಣವಂತರ ಕಣ್ಣೊಳಗೆ ಮಸೂರವನ್ನು ಕೂಡಿಸುತ್ತಿದ್ದರು. ಬಡವನಿಗೆ ಸೀಸೆಯ ತಳದಂಥ ದಪ್ಪ ಕನ್ನಡಕ. ಆ ಕನ್ನಡಕ ಒಡೆದರೆ ಅವನು ಮತ್ತೆ ಕುರುಡನೇ. ಹೊರದೇಶದ ಮಸೂರಕ್ಕೆ ನೂರು ಡಾಲರಿನ ಸುಮಾರು ಬೆಲೆ. ದಾನವಾಗಿ ಬಂದ ಮಸೂರಗಳು ಎಲ್ಲರಿಗೂ ಸಾಲುತ್ತಿರಲಿಲ್ಲ. ಬಡದೇಶಗಳಿಗೆ ಈ ಮಸೂರವೇಕೆ ಎಂದ ಪಂಡಿತರೂ ಇದ್ದರು! ಹಾಗಾದರೆ ದಾನ ತರುತ್ತಲೇ ಇರಬೇಕೇ, ಅಥವಾ ಮಾಡುವ ವಿದ್ಯೆಯನ್ನೇ ತರಬೇಕೇ? ವಿದ್ಯೆ ಬಂದರೆ ಕೊಡುವವನ ಹಿರಿಮೆ ಹೋಗುತ್ತದೆ. ಸೇವಾ ಸಂಸ್ಥೆ ಅದನ್ನು ಬಿಡಲು ಸಿದ್ಧವಾಯಿತು. ಅದರ ಡೇವಿಡ್ ಗ್ರೀನ್ ಮುಂದೆ ನಿಂತು ಆ ವಿದ್ಯೆಯನ್ನು ಮಧುರೆಗೆ ತರಿಸಿದರು. 1992ರಲ್ಲಿ ಆರೋಲ್ಯಾಬ್ ಆರಂಭವಾಯಿತು. ಮಸೂರದ ಬೆಲೆ ಹತ್ತು ಡಾಲರಿನ ಹತ್ತಿರಕ್ಕೆ, ಮುಂದೆ ಅದಕ್ಕಿಂತಲೂ ಕೆಳಕ್ಕೆ ಇಳಿಯಿತು. ಇಂದು ನೂರಕ್ಕೂ ಹೆಚ್ಚು ದೇಶಗಳಿಗೆ ಅಲ್ಲಿಯ ಸಾಮಗ್ರಿ ಹೋಗುತ್ತದೆ.

ಅದೇ ವರ್ಷ ಲಯನ್ಸ್ ಮತ್ತು ಸೇವಾ ಸಂಸ್ಥೆಗಳ ನೆರವಿನಿಂದ ಅಲ್ಲಿ ಒಂದು ತರಬೇತಿ ಸಂಸ್ಥೆಯೂ ಹುಟ್ಟಿತು. ಅದರ ಹೆಸರಿನಲ್ಲಿ ಮೊದಲು ಲಯನ್ಸ್, ಆಮೇಲೆ ಅರವಿಂದ. ವೆಂಕಟಸ್ವಾಮಿಗಳು 2006ರಲ್ಲಿ ದೇಹಬಿಟ್ಟರು. ಸೇವಾ ಮತ್ತು ಅರವಿಂದ ಇಂದಿಗೂ ಕೂಡಿಕೊಂಡು ಬೇರೆ ಕಣ್ಣಾಸ್ಪತ್ರೆಗಳಿಗೆ ಈ ಕೆಲಸದ ಪದ್ಧತಿಯನ್ನು ಕಲಿಸುತ್ತಿವೆ.