ಹೊಗೆಯಾಡಿಸಿದ ಓಲ್ಡ್ ಫ್ಯಾಶನ್ಡ್

ವಿಸ್ಕಿ, ಸಕ್ಕರೆ, ಬಿಟರ್ಸ್ (ಗಿಡಮೂಲಿಕೆಗಳ ಕಹಿ ಸಾರ) ಬೆರೆಸಿದ ಓಲ್ಡ್ ಫ್ಯಾಶನ್ಡ್ ಎಂಬ ಅಮೆರಿಕನ್ ಕಾಕ್‌ಟೇಲ್‌ಗೆ ಮರದ ಹೊಗೆಯ ಪರಿಮಳ ಹಿಡಿಸಿದ ರೂಪ. ಮೂಲ ಪಾನೀಯ ಹಳೆಯದು: ಮದ್ಯ, ಸಕ್ಕರೆ, ನೀರು, ಬಿಟರ್ಸ್ ಸೇರಿದ್ದೇ ಕಾಕ್‌ಟೇಲ್ ಎಂಬ ವಿವರಣೆ 1806ರಲ್ಲೇ ನ್ಯೂಯಾರ್ಕ್ ರಾಜ್ಯದ ಪತ್ರಿಕೆಯೊಂದರಲ್ಲಿ ಅಚ್ಚಾಗಿತ್ತು. ಪ್ರವಾಸಿ ಹಡಗುಗಳ ಬಾರ್‌ಗಳಲ್ಲಿ ಹೊಗೆಯಾಡಿಸಿದ ರೂಪವನ್ನು ಗಾಜಿನ ಗುಮ್ಮಟದಡಿ ತಂದಿಟ್ಟು, ಕುಡಿಯುವವರ ಕಣ್ಣೆದುರೇ ಮುಚ್ಚಳ ಎತ್ತುತ್ತಾರೆ. ಬಿಳಿ ಹೊಗೆ ಮೇಜಿನ ಮೇಲೆ ಮೆಲ್ಲಗೆ ಹರಡುವಾಗ ಮೊದಲ ಗುಟುಕು ಮೂಗಿಗೇ ಸಿಕ್ಕಂತಾಗುತ್ತದೆ.

ಮನೆಯಲ್ಲಿ ಮಾಡಲು 60 ಮಿಲಿ ಬೂರ್ಬನ್ ವಿಸ್ಕಿ, ಒಂದು ಸಣ್ಣ ಚಮಚ ಸಕ್ಕರೆ ಪಾಕ, 2–3 ತೊಟ್ಟು ಅಂಗೊಸ್ಟುರಾ ಬಿಟರ್ಸ್ ಸಾಕು. ಇವನ್ನು ಮಂಜುಗಡ್ಡೆಯೊಂದಿಗೆ ಕಲಕಿ, ತಣ್ಣನೆಯ ಲೋಟಕ್ಕೆ ಸೋಸಬೇಕು. ಚೆರ್ರಿ, ಸೇಬು ಅಥವಾ ಓಕ್ ಮರದ ಚಕ್ಕೆಯನ್ನು ಸುಟ್ಟು ಹೊಗೆಯನ್ನು ಲೋಟದಲ್ಲಿ ಹತ್ತಿಪ್ಪತ್ತು ಸೆಕೆಂಡು ಹಿಡಿದಿಟ್ಟು, ಕಿತ್ತಳೆ ಸಿಪ್ಪೆ ಹಿಂಡಿ ಕೊಡಬೇಕು. ಅಂಟು, ಬಣ್ಣ ಬಳಿದ ಮರ ಸಲ್ಲದು.

ಮರದ ಲಿಗ್ನಿನ್ ಸುಡುವಾಗ ಹುಟ್ಟುವ ಗ್ವಾಯಕಾಲ್, ಸಿರಿಂಗಾಲ್ ಎಂಬ ರಾಸಾಯನಿಕಗಳೇ ಈ ಘಮಕ್ಕೆ ಕಾರಣ. ಹೊಗೆ ಅತಿಯಾದರೆ ಬೂದಿಯ ಕಹಿ ಉಳಿದೆಲ್ಲವನ್ನೂ ನುಂಗಿಬಿಡುತ್ತದೆ. ಹದ ತಪ್ಪುವುದು ಹೆಚ್ಚಾಗಿ ಇಲ್ಲೇ.

ಪೀಟ್ ವಿಸ್ಕಿಯ ಹೊಗೆ ಬೇರೆ. ಅಲ್ಲಿ ಬಟ್ಟಿ ಇಳಿಸುವ ಮೊದಲೇ, ಮೊಳಕೆ ಬಾರ್ಲಿಯನ್ನು ಪೀಟ್ (ಜೌಗು ನೆಲದ ಸಸ್ಯಜನ್ಯ ಇಂಧನ) ಉರಿಸಿ ಒಣಗಿಸುವಾಗ ಹೊಗೆ ಸೇರುತ್ತದೆ. ಬೆಂಗಳೂರಿನ ಅಮೃತ್ ಫ್ಯೂಷನ್ ವಿಸ್ಕಿಯಲ್ಲಿ ಸ್ಕಾಟ್ಲೆಂಡಿನ ಪೀಟ್ ಬಾರ್ಲಿಯ ಪಾಲಿದೆ; ಅದನ್ನು ಬಳಸಿದರೆ ಮರದ ಹೊಗೆಯನ್ನು ಅರ್ಧಕ್ಕಿಳಿಸುವುದು ಒಳಿತು.