ಲೆಡ್ಜರಿನಿಂದ ದತ್ತಾಂಶ ಕೇಂದ್ರಕ್ಕೆ: ಠಾಣೆ ಸೀಮೆಯ ಒಂದು ಹಳೆಯ ಆತಂಕ

ಕೃತಕ ಬುದ್ಧಿಮತ್ತೆಯ ಕುರಿತು ಇಂದು ಕೇಳಿಬರುವ ಆತಂಕಕ್ಕೆ ಒಂದು ಪೂರ್ವಚರಿತ್ರೆಯಿದ್ದು, ಮುಂಬಯಿಯ ಬ್ಯಾಂಕು, ವಿಮಾ ಕಚೇರಿಗಳಲ್ಲಿ ದುಡಿಯುತ್ತ ಡೊಂಬಿವಲಿ, ಕಲ್ಯಾಣ, ಠಾಣೆಗಳಲ್ಲಿ ನೆಲೆಸಿದ ಗುಮಾಸ್ತವರ್ಗವು (ಅದರಲ್ಲಿ ಕರಾವಳಿಯ ಕನ್ನಡಿಗರೂ ಇದ್ದರು) ಅದನ್ನು ಹತ್ತಿರದಿಂದ ಕಂಡಿತ್ತು. 1960ರ ದಶಕದಲ್ಲಿ ಜೀವ ವಿಮಾ ನಿಗಮವು ಗಣಕಯಂತ್ರ ತರಲು ಹೊರಟಾಗ ನೌಕರ ಸಂಘಗಳು ಪ್ರತಿಭಟಿಸಿದವು. ಕಲ್ಕತ್ತೆಯಲ್ಲಂತೂ ಯಂತ್ರ ಒಳಬರದಂತೆ ನೌಕರರು ಕಚೇರಿಗೇ ಕಾವಲು ಕೂತರು. ಆಟೊಮೇಷನ್, ಎಂದರೆ ಮನುಷ್ಯರು ಮಾಡುತ್ತಿದ್ದ ಕೆಲಸವನ್ನು ಯಂತ್ರವೇ ನಡೆಸುವ ಕ್ರಮ, ಎಂಬುದರ ಪರಿಶೀಲನೆಗೆ ಕೇಂದ್ರ ಸರ್ಕಾರವು ಅರ್ಥಶಾಸ್ತ್ರಜ್ಞ ವಿ. ಎಂ. ದಾಂಡೇಕರ್ ಅವರ ಸಮಿತಿಯನ್ನು ನೇಮಿಸಿತು. ಕಡೆಗೆ 1983ರಲ್ಲಿ ಬ್ಯಾಂಕುಗಳ ಒಕ್ಕೂಟವೂ ಸಂಘಗಳೂ ಮಾಡಿಕೊಂಡ ಒಪ್ಪಂದವು ಮಿತಿಗಳನ್ನು ವಿಧಿಸಿ ಯಂತ್ರಗಳಿಗೆ ದಾರಿ ಬಿಟ್ಟಿತು. ದಪ್ಪ ರಟ್ಟಿನ ಲೆಡ್ಜರಿನಲ್ಲಿ ಜಮಾ, ಖರ್ಚು ಬರೆದು ಬಾಕಿ ಕೂಡುತ್ತಿದ್ದ ಕೈಗಳು ಲೆಡ್ಜರ್ ಪೋಸ್ಟಿಂಗ್ ಯಂತ್ರದ ಕೀಲಿಮಣೆಗೆ ಹೊರಳಿದವು.

ಆ ಹೋರಾಟದ ಕೇಂದ್ರದಲ್ಲಿದ್ದುದು ನೌಕರಿಯೇ ಹೊರತು, ಯಂತ್ರದೊಳಗೆ ಸೇರುವ ಗ್ರಾಹಕನ ವಿವರ ಯಾರ ಸೊತ್ತು ಎಂಬ ಪ್ರಶ್ನೆಯಲ್ಲ. ಅಂಥ ಪ್ರಶ್ನೆಯನ್ನು ನ್ಯಾಯಾಲಯದ ಮುಂದಿಟ್ಟವರಲ್ಲಿ ಪ್ರಮುಖರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿ. ಆಧಾರ್ ವಿರುದ್ಧ 2012ರಲ್ಲಿ ಅವರು ಸಲ್ಲಿಸಿದ ಅರ್ಜಿಯಿಂದ ಹುಟ್ಟಿದ ಪ್ರಕರಣದಲ್ಲೇ, 2017ರ ಆಗಸ್ಟ್ 24ರಂದು, ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠವು ಖಾಸಗಿತನವನ್ನು ಮೂಲಭೂತ ಹಕ್ಕೆಂದು ಸಾರಿತು.

ಇತ್ತ ನವಿ ಮುಂಬಯಿಯಲ್ಲಿ, ಒಂದು ಕಾಲಕ್ಕೆ ರಾಸಾಯನಿಕ ಕಾರ್ಖಾನೆಗಳಿಗೆ ಹೆಸರಾಗಿದ್ದ ಠಾಣೆ ಖಾರಿಯಾಚೆಯ ಕೈಗಾರಿಕಾ ಪಟ್ಟಿಯಲ್ಲೇ, ಐರೋಲಿ, ರಬಾಳೆ, ಮಹಾಪೆಗಳ ಸುತ್ತ, ದತ್ತಾಂಶ ಕೇಂದ್ರಗಳು, ಅಂದರೆ ಇಂಥ ವಿವರಗಳನ್ನು ಕೂಡಿಟ್ಟು ಹಗಲಿರುಳೂ ತಂಪುಗಾಳಿ ಬೇಡುವ ಸರ್ವರುಗಳ ಕಟ್ಟಡಗಳು, ಎದ್ದು ನಿಂತಿವೆ.